ಕೆಂಪ ಪಟ್ಟಿ ಕಟ್ಟಿದ ಉಪ್ಪಾಗಿ ಗಿಡ

ಇಲ್ರಿ ಸುಮಿತಾ ಬಾಯಾರ, ನಾ ಕಟ್ಟಿಲ್ಲ. ನಾ ಯಾಕ ಕಟ್ಟಲಿ? ಮೊದಲ ಒಳಗ ಬರ್ರಿ. ಬೂಟು ಅಲ್ಲೇ ಕಳೀರಿ, ಇಂಬಳ ಹತ್ಯಾವೇನು ನೋಡ್ಕೊಳ್ರಿ... ಹಾಂ, ಅಲ್ಲೆ, ಹಿಮ್ಮಡದಾಗ ಒಂದು. ಕೀಳಬ್ಯಾಡ್ರಿ, ತಗೋರಿ ಉಪ್ಪು, ಹಚ್ಚಿದ್ರ ತಾನ ಬೀಳತೈತಿ. ಈಗ ಕುಂಡ್ರರಿ. ಒಲಿ ಕಡೆ ಬ್ಯಾಡ್ರಿ, ಹೊಗಿ ಭಾಳ ಐತಿ. ಇಲ್ಲೆ ಬಾಗಿಲ ಹಂತ್ಯಾಕ ಕುಂಡ್ರರಿ. ಗಾಳಿ ಬರತೈತಿ.

ಚಾ ಕುದ್ಯಾಕತ್ತೈತಿ. ಅಷ್ಟೊತ್ತಿಗೆ ಸಮಾಧಾನದಿಂದ ಹೇಳ್ರಿ. ಮಳಿ ಹತ್ತೂಕಿಂತ ಮೊದಲ ನೀವು ಧಾರವಾಡದಿಂದ ಬಂದ್ರಿ. ನಮ್ಮ ಅಡವ್ಯಾಗಿನ ಹುಳಿಕಾಯಿ ಉಪ್ಪಾಗಿ ಗಿಡಕ್ಕ ಕೆಂಪ ಪಟ್ಟಿ ಕಟ್ಟಿದ್ರಿ. ಯಾವ ಗಿಡದ್ದು ಎಷ್ಟ ಕಾಯಿ ಮಂಗ್ಯಾ ತಿಂತೈತಿ, ಎಷ್ಟ ನಮ್ಮ ಸಿದ್ದಿ ಮಂದಿ ಒಯ್ತಾರ, ಎಷ್ಟ ಬಿದ್ದು ಸಸಿ ಆಗತಾವ ಅಂತ ನೋಡಾಕ. ಸರಿ ಐತಿಲ್ಲ? ನಾನ ನಿಮ್ಮ ಚೀಲ ಹೊತ್ಕೊಂಡ ಸಂಗಾಟ ಬಂದಿದ್ನಿ. ಈಗ ಹಳ್ಳದ ಈ ಕಡೆ, ನೀವು ಕಟ್ಟದ ಗಿಡಕ್ಕೂ ಪಟ್ಟಿ ಅದಾವು. ಅಂದ್ರ ಯಾರೋ ಕಟ್ಟ್ಯಾರ. ಯಾರ ಕಟ್ಟಿರಬೇಕು...

ನನ್ನ ಯಾಕ ನೋಡತೀರಿ?

ಫಾರೆಸ್ಟ್ ವಾಚರ್ ಮಹಾಬಳೇಶ್ವರನ್ನ ಕೇಳಿದ್ರೇನು? ಕೇಳಿದ್ರಾ. ಅಂವ ಅಲ್ಲ ಅಂದ್ನಾ. ಅಂವ ಅಲ್ಲ ಬಿಡ್ರಿ. ಗಣೇಶಗುಡಿಯಿಂದ ಸೈಕಲ್ ಮೋಟರ್ ಮ್ಯಾಲ ಬಂದು, ಇಲ್ಲೆ ಕಟ್ಟಿ ಮ್ಯಾಲ ಮಲಕ್ಕೊಂಡು, ಎದ್ದು ಹೋಗಾಂವ. ಹಳ್ಳ ಯಾವ ಕಡೆ ಐತಿ ಅನ್ನೂದ ಅವಂಗ ಗೊತ್ತಿಲ್ಲ. ಮತ್ತ ಕಾಯತಾನ ಅಂತ ಹೆಸರಿನ ನನ್ನ ಮೈದುನ ಅದಾನಲ್ಲ, ಅಂವಾ? ಛೇ, ಅಂವ ಅಂತೂ ಅಲ್ಲವೇ ಅಲ್ಲ. ನಮ್ಮ ಕೇರಿಯ ಹಿರ್ಯಾ, ನೇಮದ ಮನಷಾ. ಒಂದ ಹಲಸಿನ ಹಣ್ಣ ದಾರ್ಯಾಗ ಬಿದ್ದಿದ್ರ ಅದರ ಗಿಡ ಯಾರದು ಅಂತ ಕೇಳಿ ಮುಟ್ಟಾಂವ. ಅವನ ಹೆಸರು ತಗೊಂಡ್ರ ನನಗ ಪಾಪ ಬರತೈತಿ.

ಹಂಗಾರ ಮಂಗ್ಯಾನ. ಮತ್ತ್ಯಾರು?

ಯಾಕ ನಗತೀರಿ? ಮಂಗ್ಯಾ ಅಂದ್ರ ಏನ ತಿಳಕೊಂಡೀರಿ? ಹೋದ ವರ್ಷ ನಾ ಒಗದ ಹಾಕಿದ ಕುಪ್ಪಸ ಒಯ್ದು ಚರ್ಚಿನ ಮಾಡಿನ ಮ್ಯಾಲ ಹಾಸಿತ್ತು. ರವಿವಾರ ಪಾದ್ರಿ ಹೊರಗ ಬಂದು, ಇದು ಯಾರದವ್ವಾ ಅಂತ ಕೇಳಿದ್ರು. ಎಲ್ಲಾರೂ ಸುಮ್ಮನ. ನಾನೂ ಸುಮ್ಮನ. ಇವತ್ತಿಗೂ ಅಲ್ಲೇ ಐತಿ ಕುಪ್ಪಸ, ಬೇಕಂದ್ರ ಹೋಗಿ ನೋಡ್ರಿ. ಅಂಥಾ ಮಂಗ್ಯಾಗ ನಿಮ್ಮ ಪಟ್ಟಿ ಸುರುಳಿ ಏನ ದೊಡ್ಡದು? ಚೀಲದಾಗಿಂದ ಹಾರಿಸ್ಕೊಂಡ ಹೋಗಿ...

ಗಂಟ ಹಾಕಿತ್ತಾ? ಎರಡ ಗಂಟಾ?

ಹೂಂ. ಎರಡ ಗಂಟ ಹಾಕಾಕ ಮಂಗ್ಯಾಗ ಬರೂದಿಲ್ಲ ಅಂತೀರಿ. ಇರಬಹುದು. ತಗೋರಿ, ಚಾ ಕುಡೀರಿ.

ಮತ್ತೇನು? ಆ ಗಿಡದಾಗ ಒಂದೂ ಕಾಯಿ ಇಲ್ಲ? ಅದು ಮಂಗ್ಯಾಂದ ಕೆಲಸ ನೋಡ್ರಿ, ಅದಕ್ಕ ನಾ ಹೇಳಿದ್ನಿ... ಏನು? ಸಿಪ್ಪಿ ಇಲ್ಲ, ಬೀಜ ಅಷ್ಟ ಬಿದ್ದಾವಾ? ಅಬಾಬಾ, ಎಷ್ಟ ಕಣ್ಣರೀ ನಿಮಗ. ಹೌದು, ಮಂಗ್ಯಾ ಒಳಗಿಂದ ತಿಂದು ಸಿಪ್ಪಿ ಒಗೀತೈತಿ. ಸಿಪ್ಪಿ ಒಯ್ದು ಒಳಗಿಂದ ಒಗಿಯಾಂವ ಮನಷಾ. ಇದನ್ನ ನಾನ ನಿಮಗ ಕಲಿಸಿದ್ನಿ. ಕಲಿಸಬಾರದಿತ್ತು... ಅಂದ್ರ, ಚೆಂದ ಕಲತೀರಿ ಅಂದ್ನಿ.

ನಾ ಎಲ್ಲಿ ಹೋಗಲಿ ಬಾಯಾರ? ನನ್ನ ಮೊಣಕಾಲ ನೋಡೀರಿಲ್ಲ, ಕುಂತ್ರ ಏಳಾಕ ಬರೂದಿಲ್ಲ. ಈ ವರ್ಷ ಉಪ್ಪಾಗಿಗೆ ನಾ ಹೋಗೇ ಇಲ್ಲ. ಆಣಿ ಮಾಡ್ಲಿ? ಬ್ಯಾಡ, ಆಣಿ ಬ್ಯಾಡ ಬಿಡ್ರಿ. ನಾಡಿದ್ದ ರವಿವಾರ ಐತಿ.

ಸಕ್ಕರಿ ಕಡಿಮಿ ಆತೇನು? ಮಾರಿ ಯಾಕ ಹಿಂಗ ಮಾಡೀರಿ?

ಏನಂದ್ರಿ? ನಾಳಿ? ದಾಂಡೇಲ್ಯಾಗ ಫಾರೆಸ್ಟ್ ಸಾಹೇಬ್ರ ಮುಂದ ಮೀಟಿಂಗಾ? ಆಗಲಿ, ಒಳ್ಳೇದ ಆತು, ಹೋಗಿ ಬರ್ರಿ. ಏನ ಹೇಳಾವ್ರು? ಈ ಕೇರಿಯ ಮಂದಿ ಉಪ್ಪಾಗಿ ಮುಟ್ಟೂದ ಇಲ್ಲ ಅಂತ...

ತಡೀರಿ. ತಡೀರಿ ತಡೀರಿ. ಹಂಗ ಯಾಕ ಹೇಳತೀರಿ? ಮುಟ್ಟತೇವಲ್ಲ! ನಮ್ಮ ಮಳಿಗಾಲ ನಡಿಯೂದ ಅದರ ಮ್ಯಾಲ. ಸಿಪ್ಪಿ ಹೊಗಿಗೆ ಒಣಗಸ್ತೇವಿ, ಮಾರತೇವಿ, ಬೀಜದ್ದ ತುಪ್ಪ ತಗೀತೇವಿ. ಮೀನಿನ ಸಾರಿಗೆ ಅದ ಬೇಕು. ಹೌದ್ರಿ, ಗೊತ್ತೈತಿ, ನಿಮ್ಮ ಓದಿಗೆ ಬಾಯಿಮಾತ ನಡಿಯೂದಿಲ್ಲ, ಕಣ್ಣಿಲೆ ಕಂಡದ್ದ ಬೇಕು. ನೀವು ಕಟ್ಟಿದ ಗಿಡದಾಗ ಒಬ್ಬರೂ ಕಾಯಿ ಹರದಿಲ್ಲ. ಹಣ್ಣಾಗಿ, ಬಿದ್ದು, ಅಲ್ಲೇ ಕೊಳತಾವು. ಅದನ್ನ ನೀವು ಹೇಳಿದ್ರ ಸಾಹೇಬ್ರು ಏನಂತಾರ? ಇವರಿಗೆ ಬ್ಯಾಡಾದ್ರ ಟೆಂಡರ್ ಕರೀರಿ ಅಂತಾರಾ?

ಖರೇನ ಅಂತಾರಾ?

ಹೊರಗಿನ ಗುತ್ತಿಗೆದಾರನ್ನ ನೀವು ನೋಡಿಲ್ಲ ಬಾಯಾರ. ನಾ ನೋಡೇನಿ, ಆ ಗುಡ್ಡದ ಆಚೆ. ಲಾರಿ ತಗೊಂಡ ಬರತಾನ. ಹಣ್ಣಾಗೂ ತನಕ ಯಾರು ಕಾಯಬೇಕು, ಎಳಿ ಕಾಯಿ ಇದ್ದಾಗನ ಟೊಂಗಿ ಕಡದ ಕೆಡವತಾನ. ಮರುವರ್ಷ ಆ ಗಿಡಕ್ಕ ಮಂಗ್ಯಾನೂ ಹತ್ತೂದಿಲ್ಲ. ನಮಗ ಅಡವಿ ಒಳಗ ಕಾಲ ಇಡಾಕ ಅವನ ಆಳ ಬಿಡೂದಿಲ್ಲ. ನಗಿಚ್ಯಾಟ ಅಲ್ಲ ಇದು, ನನಗ ಅಂಜಿಕಿ ಬಂತು.

ಹಿಂಗ ಮಾಡ್ರಿ. ಸ್ವಲ್ಪ ಹರದಾರ ಅಂತ ಬರದಬಿಡ್ರಿ. ಸ್ವಲ್ಪ. ಯಾರ ಬಂದು ನೋಡತಾರ?

ಬರಿಯಾಂಗಿಲ್ಲಾ? ಇಷ್ಟೆಲ್ಲಾ ಓದಿ ಒಂದ ಸುಳ್ಳ ಬರಿಯಾಕ ಬರೂದಿಲ್ಲೇನ್ರಿ ನಿಮಗ? ಆತು, ಸಿಟ್ಟಾಗಬ್ಯಾಡ್ರಿ. ಯಾಕ ಮುಟ್ಟಿಲ್ಲ ಅಂತ ಮತ್ತ ಕೇಳತೀರಿ. ಮೊನ್ನೆನೂ ಕೇಳಿದ್ರಿ, ಮಂದಿಗೆ ಪುರಸೊತ್ತಿಲ್ಲ ಅಂದಿದ್ನಿ. ಇವತ್ತೂ ಅದನ್ನ ಹೇಳತೇನಿ. ನಾಟಿ ನಡದೈತಿ. ಪುರಸೊತ್ತಿಲ್ಲ.

...

ಯಾಕ ಸುಮ್ಮನಾದ್ರಿ?

ಮ್ಯಾಲ ಏನ ನೋಡತೀರಿ? ಒಲಿ ಮ್ಯಾಲ ಅಟ್ಟ ಅದು. ಎಲ್ಲಾರ ಮನ್ಯಾಗೂ ಇರತೈತಿ. ಅದರ ಮ್ಯಾಲ ಏನಿಲ್ಲ, ಹಳೇ ಬುಟ್ಟಿ ಅದಾವು.

ಬಾಯಾರ, ಏನರೆ ಮಾತಾಡ್ರಿ. ಬೈರಿ ಬೇಕಾದ್ರ. ಹಿಂಗ ಸುಮ್ಮನ ಕುಂಡ್ರಬ್ಯಾಡ್ರಿ, ನನಗ ತಡಿಯಾಕ ಆಗೂದಿಲ್ಲ.

ಆತು. ಹೌದು. ಅಟ್ಟದ ತುಂಬ ಉಪ್ಪಾಗಿ ಸಿಪ್ಪಿನ ಐತಿ. ಸಾಕ? ಪಟ್ಟಿ ಸುರುಳಿ ನಿಮ್ಮ ಚೀಲದಾಗಿಂದ ತಗದಾಕಿ ನಾ. ಎರಡ ಗಂಟ ಹಾಕಿದಾಕಿ ನಾ. ಮಂಗ್ಯಾಂದ ಏನೂ ತಪ್ಪಿಲ್ಲ... ಕುಪ್ಪಸದ್ದು ಬಿಟ್ಟು.

ಕೇಳ್ರಿ. ನಮ್ಮಲ್ಲಿ ಜೇನಿಗೆ, ಉಪ್ಪಾಗಿಗೆ ಒಂದ ಕಟ್ಟಳಿ ಐತಿ. ಅಡವ್ಯಾಗ ಯಾರ ಮೊದಲ ಕಾಣತಾರ, ಅವರು ಗಿಡಕ್ಕ ಒಂದ ಬಳ್ಳಿ ಸುತ್ತಿ ಗಂಟ ಹಾಕಿ ಬರತಾರ. ಕಟ್ಟಿದ ಗಿಡ ಕಟ್ಟಿದವರದು. ಉಪವಾಸ ಬಿದ್ರೂ ಮತ್ತೊಬ್ಬರು ಮುಟ್ಟೂದಿಲ್ಲ. ನೀವು ಬಂದು ಕೆಂಪ ಪಟ್ಟಿ ಕಟ್ಟಿದ್ರಿ. ಬಳ್ಳಿಗಿಂತ ಚಂದ ಕಾಣತಿತ್ತು. ಎಲ್ಲಾರೂ, ಬಾಯಾರ ಗಿಡ ಹಿಡದ್ರು ಅಂದ್ರು. ಆಮ್ಯಾಲ ನೀವು ಕಟ್ಟಿ ಮ್ಯಾಲ ನಿಂತು, ಎಲ್ಲಾರೂ ಎಂದಿನಂಗ ಹರಕೊಳ್ರಿ ಅಂದ್ರಿ. ಹೂಂ ಅಂದ್ರು. ಬಾಯಾರದು ದೊಡ್ಡ ಮನಸು ಅಂದ್ರು. ಆದ್ರ ಗಂಟ ಬಿಚ್ಚೂ ತನಕ ಯಾರ ಮುಟ್ಟತಾರ? ನಿಮಗಿದು ಗೊತ್ತಿಲ್ಲ ಅನ್ನೂದ ಯಾರಿಗೂ ಹೊಳೀಲಿಲ್ಲ. ನನಗೊಬ್ಬಾಕಿಗೆ ಹೊಳೀತು.

ಹೇಳಬಹುದಿತ್ತು. ಹೇಳಲಿಲ್ಲ. ಯಾಕಂದ್ರ ಈ ಕಾಲಿನ ಸಲುವಾಗಿ ನಾ ಹೋಗಿ ಮುಟ್ಟೂದ್ರಾಗ ಮಂದಿ ಗಿಡ ಬೋಳಿಸಿರತಾರ. ಅವರ ಹಿಂದ ಉಳದು ಬಿದ್ದದ್ದು ಆರಿಸೂದು... ನನಗ ಅದು ಸೇರೂದಿಲ್ಲ ಬಾಯಾರ. ಒಂದ ಕಾಲಕ್ಕ ನಾ ಮೊದಲ ಗಿಡ ಏರಾಕಿ ಇದ್ನಿ. ನಾ ಬಳ್ಳಿ ಕಟ್ಟಿದ್ರ ಎಲ್ಲಾ ಹತ್ತಿರದ ಗಿಡ ನಿನಗ ಬೇಕೇನ ಅಂತ ಕಾಯತಾನ ಜಗಳಕ್ಕ ಬರತಾನ. ನಿಮ್ಮ ಪಟ್ಟಿ ಕಟ್ಟಿದ್ರ ಯಾರೂ ಕೇಳೂದಿಲ್ಲ. ಮಂದಿ ನಾಟಿಗೆ ಹೋದಾಗ ನಾ ಮೆಲ್ಲಕ ಹೋಗಿ, ಗಳದಿಂದ ಹರಕೊಂಡ ಬಂದ್ನಿ. ಅಷ್ಟ.

ಏನು?

ಹೊಗಿಗೆ ಕಣ್ಣ ಉರದು ಮ್ಯಾಲ ಮಾರಿ ಮಾಡಿದ್ರಾ? ಅಟ್ಟ ಕಂಡಿದ್ದ ಇಲ್ಲಾ?

ಅಯ್ಯ ನನ್ನ ಬಾಯಿಗೆ ಬೆಂಕಿ ಹಾಕ. ಒಂದ ಗುಟುಕ ಚಾ ಕುಡಿಯೂ ತನಕ ಸುಮ್ಮನ ಕುಂತಿದ್ರ ಮುಗೀತಿತ್ತು. ನಗರಿ, ನಗರಿ. ನನಗೂ ನಗು ಬರಾಕತ್ತೈತಿ, ಏನ ಮಾಡೂದು.

ಈಗ ನಿಮಗೇನ ಬೇಕು, ಹರದವರ ಹೆಸರ ಬೇಕು ಹೌದಿಲ್ಲ? ನಾಳಿ ನಾನೂ ಬರತೇನಿ. ಸಾಹೇಬ್ರ ಮುಂದ ನಿಂತು ಹೇಳತೇನಿ, ನಾ ಹರದೇನಿ, ಈ ಮಂದಿ ಯಾಕ ಹರದಿಲ್ಲ ಅನ್ನೂದೂ ಹೇಳತೇನಿ. ಒಂದ ಬುಟ್ಟಿ ಸಿಪ್ಪಿ ಹೊತ್ಕೊಂಡ ಬರೂಣು, ನೋಡ್ಲಿ ಕಣ್ಣಿಲೆ. ಆದ್ರ ಅಲ್ಲೆ ಕಾಯತಾನ ಬರತಾನ. ಕೇರಿ ಪರವಾಗಿ ಅಂವನ ಬರಾಂವ. ಬಾಯಾರ ಹೆಸರಿಲೆ ಗಂಟ ಹಾಕಿದ್ಯಾ ಅಂತ ಅಂವ ಎದ್ದ ನಿಂತ್ರ... ಅಡವಿಗೆ ನನ್ನ ಮತ್ತ ಯಾರೂ ಕರಿಯೂದಿಲ್ಲ ಬಾಯಾರ. ಗಿಡ ಹೋದ್ರ ಎಲ್ಲಾರದೂ ಹೋಗತೈತಿ, ಅದಕ್ಕ ಬರತೇನಿ.

ತಡೀರಿ, ಏಳಬ್ಯಾಡ್ರಿ. ಆ ಹಿಟ್ಟಿನ ಡಬ್ಬಿ ಇತ್ತ ಕೊಡ್ರಿ. ನಿಮ್ಮ ಸುರುಳಿ ಇದರಾಗ ಐತಿ, ಕಡೀ ತುಂಡ ಉಳದೈತಿ. ಹಿಟ್ಟ ಝಾಡಸ್ರಿ. ಇಲ್ಲೆ, ನನ್ನ ರಟ್ಟಿಗೆ ಕಟ್ಟರಿ.

ಕಟ್ಟರಿ ಅಂದ್ನಿ. ಎರಡ ಗಂಟ ಹಾಕ್ರಿ. ಕಟ್ಟಿದ್ದನ್ನ ಕಾಯತಾನ ಮುಟ್ಟೂದಿಲ್ಲ.