ಕೆಂಚನಿಗೆ ಇಟ್ಟ ಮುದ್ದೆ

ಕೊನೇ ಬಸ್ಸು ಇಳಿದು ಶಶಿರೇಖಾ ಹಾಳುಬಾವಿ ಹತ್ರ ಬಂದಾಗ ರಾತ್ರಿ ಹತ್ತೂಕಾಲು. ಪೂರಿಗಾಲಿ ಊರಲ್ಲಿ ಆ ಹೊತ್ತಿಗೆ ಟೀವಿ ಸದ್ದೂ ಅಡಗಿರ್ತದೆ. ಬಾವೀಲಿ ನೀರಿಲ್ಲ, ಕಸ ತುಂಬಿದೆ. ಅದರೊಳಗೆ ಎಲ್ಲೋ ಒಂದೇ ಒಂದು ಕಪ್ಪೆ. ವಟ್... ಅಂತಿತ್ತು. ಸುಮ್ಮನಾಗ್ತಿತ್ತು. ಮತ್ತೆ ವಟ್... ಅವಳು ಮೊಬೈಲ್ ಬೆಳಕನ್ನ ಕಾಲ ಮುಂದೆ ಹಿಡ್ಕೊಂಡು ನಡೀತಿದ್ಲು.

ಆಗ ಸರಪಣಿ ಸದ್ದು ಕೇಳಿಸ್ತು. ಜಣ್... ಜಣ್ ಜಣ್...

ಶಶಿರೇಖಾ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು. ಮಳವಳ್ಳೀಲಿ ಒಂದು ನರ್ಸಿಂಗ್ ಹೋಮಲ್ಲಿ ನರ್ಸು, ಮಧ್ಯಾಹ್ನದ ಪಾಳಿ. ದೆವ್ವ ಗಿವ್ವ ಅಂದ್ರೆ ಮೂಗು ಮುರಿಯೋಳು. ದೆವ್ವ ಬುಡಿ, ಮನುಷ್ಯರನ್ನ ಕಂಡ್ರೂ ಅಷ್ಟೇ. "ದಿನಾ ಸತ್ತೋರ್ ಮುಖ ನೋಡ್ತೀನಿ ಕಣ್ಲಾ, ಬದುಕಿರೋರಷ್ಟು ಕೆಟ್ಟದಾಗಿರಲ್ಲ," ಅಂತ ನನಗೇ ಎಷ್ಟು ಸಲ ಅಂದಿದ್ದಾಳೋ. ಅವಳ ನಾಲಿಗೇನೇ ಅಂಥದ್ದು.

ಬಾವಿಗೂ ಅವಳ ಮನೆಗೂ ನಡುವೆ ಒಂದು ಕಲ್ಯಾಣ ಮಂಟಪ ಇದೆ. ಮಂಟಪ ಅನ್ನೋದು ಹೆಸರಿಗೆ. ಮಂಡ್ಯದ ರಾಜೇಂದ್ರ ಅನ್ನೋರು ಶುರು ಮಾಡಿ, ಕಂಬ ಎಬ್ಬಿಸಿ, ಸುತ್ತ ಎಂಟಡಿ ಕಾಂಪೌಂಡ್ ಕಟ್ಟಿ, ಅದರ ಮೇಲೆ ಗಾಜಿನ ಚೂರು ನೆಟ್ಟು, ಅಲ್ಲಿಗೇ ಕೈಬಿಟ್ಟಿದ್ರು. ಒಳಗೆ ಕಬ್ಬಿಣದ ಸರಳಿನ ರಾಶಿ. ಅದನ್ನ ಕಾಯೋಕೆ ಬಸರಾಳು ಕಡೆಯ ಲಿಂಗಯ್ಯ ಅನ್ನೋ ಮುದುಕ. ಜೊತೆಗೆ ಅವನ ನಾಯಿ ಕೆಂಚ.

ಈ ಲಿಂಗಯ್ಯ ಎರಡು ವರ್ಷ ದಿನಾ ರಾತ್ರಿ ಗೇಟಿನ ಹತ್ರ ನಿಂತು ಅವಳ ಕಾಲ ಮುಂದಕ್ಕೆ ಬ್ಯಾಟರಿ ಬಿಡೋನು. "ಲೇಟಾಯ್ತಲ್ಲವ್ವಾ..." ಅನ್ನೋನು. ಅಷ್ಟೇ ಮಾತು. ಅವಳು ಒಂದು ದಿನಾನೂ ಉತ್ತರ ಕೊಟ್ಟೋಳಲ್ಲ. ಬೀಡಿ ನಾತದ ಮುದುಕ, ಹೆಂಗಸರ ಕಾಲು ನೋಡ್ಕೊಂಡು ನಿಂತಿರ್ತಾನೆ ಅಂತ ಮುಖ ತಿರುಗಿಸ್ಕೊಂಡು ಹೋಗೋಳು. ಅವನು ಸತ್ತ ಮಾರನೇ ರಾತ್ರಿ, ಕತ್ತಲಲ್ಲಿ, ಬಾವಿ ಪಕ್ಕ ಒಂದು ಕೊಳಕುಮಂಡಲ ಅವಳ ಚಪ್ಪಲಿಗೆ ಗೇಣು ದೂರದಲ್ಲಿ ಬುಸ್ ಅಂದಾಗಲೇ ಆ ಬ್ಯಾಟರಿ ಯಾಕೆ ಅಂತ ಗೊತ್ತಾಗಿದ್ದು.

ಸತ್ತದ್ದೂ ಸದ್ದಿಲ್ಲದೆ. ಶೀಟಿನ ಶೆಡ್ಡಿನೊಳಗೆ ಹಗ್ಗದ ಮಂಚದ ಮೇಲೆ ಮಲಗಿದ್ದೋನು ಬೆಳಿಗ್ಗೆ ಏಳಲಿಲ್ಲ. ನೆಂಟರು ಟೆಂಪೋ ತಂದು ಹೆಣ ತಗೊಂಡು ಹೋದ್ರು. ನಾಯಿ ಯಾರಿಗೂ ಬೇಕಾಗಲಿಲ್ಲ. ರಾಜೇಂದ್ರ ಆಳು ಕಳಿಸಿ ಅದನ್ನ ಮೂರನೇ ಕಂಬಕ್ಕೆ ಸರಪಣಿ ಹಾಕಿಸಿದ್ರು. ಬೇರೆ ಕಾವಲುಗಾರ ಸಿಗೋವರೆಗೂ ನಾಯೀನೇ ಕಾವಲು. ಊರೋರು ಯಾರಾದ್ರೂ ಒಂದು ತುತ್ತು ಹಾಕ್ಲಿ ಅಂತ ಫೋನಲ್ಲಿ ಹೇಳಿ ಕೈ ತೊಳ್ಕೊಂಡ್ರು. ಇದಾಗಿ ಇಪ್ಪತ್ತು ದಿನ ಆಗಿತ್ತು.

ಅವತ್ತು ರಾತ್ರಿ ಮಂಟಪದ ಎದುರು ಮನೆ ಗೇಟಿನಲ್ಲಿ ನಾಕೈದು ಜನ ನಿಂತಿದ್ರು. ಮನೆ ಸಿದ್ದೇಶಂದು, ಹೈಸ್ಕೂಲ್ ಮೇಷ್ಟ್ರು. ಜೊತೆಗೆ ಪಕ್ಕದ ಮನೆ ಪಟ್ಟಲಮ್ಮ, ಸೆರಗನ್ನ ಬಾಯಿಗೆ ಒತ್ಕೊಂಡು.

"ಸಸೀ, ವಸಿ ನಿಂತ್ಕಳವ್ವ," ಅಂದ ಸಿದ್ದೇಶ, ಪಿಸುಮಾತಲ್ಲಿ. "ಕೆಂಚನ ಇಚಾರ. ಪಾಪ, ಕಣ್ಣಲ್ಲಿ ನೋಡಕಾಯ್ತಿಲ್ಲ."

"ಏನಾಗದೆ ಅದ್ಕೆ?"

"ಇಪ್ಪತ್ ದಿನದಿಂದ ಅನ್ನ ನೀರು ಕಂಡಿಲ್ಲ. ಸ್ಟೇಟಸ್ ಹಾಕಿದ್ನಲ್ಲ, ನೋಡ್ನಿಲ್ವಾ? ಎಲ್ರೂ ಮರುಗವ್ರೆ."

ನೋಡಿದ್ಲು. ಗೇಟಿನ ಸಂದಿಯಿಂದ ತೆಗೆದ ಫೋಟೋ, ನಾಯಿ ಕಿವಿ ಬಿಟ್ರೆ ಏನೂ ಕಾಣ್ತಿರಲಿಲ್ಲ. ಕೆಳಗೆ ಮೂಕಪ್ರಾಣಿಯ ರೋದನ ಅಂತ ಬರೆದು ಕೈ ಮುಗಿದ ಚಿತ್ರ ಮೂರು.

"ಸ್ಟೇಟಸ್ ತಿಂತದಾ ಅದು?" ಅಂದ್ಲು. "ಒಂದು ಮುದ್ದೆ ಇಕ್ಕುದ್ರಾ ಯಾರಾರ?"

ಪಟ್ಟಲಮ್ಮ ಬಾಯಿಂದ ಸೆರಗು ತೆಗೆದು, "ಮೇಷ್ಟ್ರು ಮನೇವ್ರು ಇಕ್ತಾವ್ರೆ ಅನ್ಕಂಡಿದ್ದೆ ಕಣವ್ವ," ಅಂದ್ಲು.

"ನಾವು ಪಟ್ಟಲಮ್ಮೋರು ಇಕ್ತಾವ್ರೆ ಅಂತ..." ಅಂದ ಸಿದ್ದೇಶ.

"ಅಲ್ದೆ ಅದು ಆ ಲಿಂಗಯ್ಯ ಉಂಡ ತಟ್ಟೆ. ಅದ ಮುಟ್ಟಾದೆಂಗೆ?" ಅಂದ್ಲು ಪಟ್ಟಲಮ್ಮ.

ಶಶಿರೇಖಾಗೆ ಆ ಮಾತಿನ ಅರ್ಥ ಗೊತ್ತು. ಲಿಂಗಯ್ಯ ಬದುಕಿದ್ದಾಗಲೂ ಪಟ್ಟಲಮ್ಮ ಅವನಿಗೆ ಲೋಟ ಕೊಟ್ಟೋಳಲ್ಲ. ಎರಡು ಮೆಟ್ಟಿಲು ಮೇಲೆ ನಿಂತು ಬೊಗಸೆಗೆ ನೀರು ಹುಯ್ಯೋಳು. ಉಂಡ್ಯಾ ಅಂತ ಆ ಬೀದೀಲಿ ಒಬ್ರೂ ಅವನನ್ನ ಕೇಳಿರಲಿಲ್ಲ. ಈಗ ಅವನ ನಾಯಿ ಮೇಲೆ ಕರುಣೆ ಕೋಡಿ ಹರೀತಿತ್ತು. ತಾನೂ ಕೇಳಿರಲಿಲ್ಲ ಅನ್ನೋದು ನೆನಪಾಗಿ ಅವಳಿಗೆ ಇನ್ನೂ ಉರಿ ಹತ್ತಿತು.

ಸಿದ್ದೇಶ ಹತ್ರ ಬಂದ. ದನಿ ಇನ್ನೂ ತಗ್ಗಿಸಿದ. "ರಾತ್ರಿಯೆಲ್ಲ ಕುಂಯ್ ಅಂತದೆ. ನಮ್ಗೂ ನಿದ್ದೆ ಇಲ್ಲ. ನರಳಾದು ಬ್ಯಾಡ. ನೀನು ಆಸ್ಪತ್ರೇಲಿರೋಳು... ಒಂದು ಇಂಜೆಕ್ಸನ್ ತಂದು ಚುಚ್ಬುಟ್ರೆ, ಅದ್ಕೂ ಸುಖ, ನಿಂಗೂ ಪುಣ್ಯ."

"ನಂಗೊಬ್ಳಿಗೇ ಯಾಕೆ ಪುಣ್ಯ. ನಿಮ್ಗೂ ಒಂದೊಂದು ತರ್ಲಾ?"

ಸಿದ್ದೇಶ ಮುಖ ಗಂಟು ಹಾಕ್ಕೊಂಡ. "ಆಗಲ್ಲ ಅಂದ್ರೆ ಬುಡು. ಬೆಳಿಗ್ಗೆ ಎದ್ದು ಇಲಿ ಪಾಸಾಣ ಅನ್ನಕ್ಕೆ ಕಲ್ಸಿ ನಾನೇ ಇಕ್ತೀನಿ."

"ಓ, ಪಾಸಾಣ ಕಲ್ಸುದ್ರೆ ತಟ್ಟೆ ಮುಟ್ಬೋದಾ?"

ಅಷ್ಟು ಅಂದೋಳು ತಿರುಗಿ ಮಂಟಪದ ಕಡೆ ಹೆಜ್ಜೆ ಹಾಕಿದ್ಲು. ಬ್ಯಾಗಲ್ಲಿ ಡಬ್ಬಿ ಇತ್ತು, ಅದರಲ್ಲಿ ಮಧ್ಯಾಹ್ನದ ಚಿತ್ರಾನ್ನ ಅರ್ಧ ಉಳಿದಿತ್ತು. ಹಿಂದಿನಿಂದ ಪಟ್ಟಲಮ್ಮ, "ಈ ಒತ್ನಲ್ಲಿ ಒಳಿಕ್ಕೋಗ್ಬ್ಯಾಡ ಕಣವ್ವ, ಸತ್ತ ಜಾಗ," ಅಂದ್ಲು. ಶಶಿರೇಖಾ ತಿರುಗಿ ನೋಡಲಿಲ್ಲ. ಸತ್ತ ಜಾಗಕ್ಕಿಂತ ಇವರು ನಿಂತ ಜಾಗಾನೇ ನಾರ್ತದೆ ಅಂದ್ಕೊಂಡ್ಲು.

ಗೇಟಿಗೆ ಬೀಗ ಇರಲಿಲ್ಲ, ಸುಮ್ಮನೆ ಮುಂದಕ್ಕೆ ಎಳೆದಿತ್ತು. ತಳ್ಳಿದ್ಲು. ಕೀಂ...ಯ್ ಅಂತ ತೆರ್ಕೊಳ್ತು.

ಒಳಗೆ ಕಾಲಿಟ್ಟ ಕೂಡ್ಲೇ ಕಪ್ಪೆ ಸದ್ದು ನಿಂತುಹೋಯ್ತು. ಜೀರುಂಡೆ ಸದ್ದೂ ನಿಂತಿತು. ಅವಳ ಚಪ್ಪಲಿ ಕೆಳಗೆ ಜಲ್ಲಿ ಚರಕ್ ಚರಕ್ ಅನ್ನೋದೊಂದೇ. ಮೊದಲನೇ ಕಂಬ... ಎರಡನೇ ಕಂಬ... ಮೂರನೇ ಕಂಬದ ಬುಡದಲ್ಲಿ ಕೆಂಚ ಕೂತಿತ್ತು. ಬೆಳಕು ಬಿಟ್ಲು.

ಇಪ್ಪತ್ತು ದಿನ ಉಪವಾಸ ಇದ್ದ ನಾಯಿ ಅಂದ್ರೆ ಪಕ್ಕೆಲುಬು ಎಣಿಸೋ ಹಂಗಿರಬೇಕು. ಇದು ಹೊಟ್ಟೆ ತುಂಬಿ ದುಂಡಗಿತ್ತು. ಮೈ ಮೇಲಿನ ಕೂದಲು ಎಣ್ಣೆ ಸವರಿದ ಹಂಗೆ ಮಿರಮಿರ ಅಂತಿತ್ತು. ಅವಳ ಕಡೆ ಒಂದು ಸಲ ನೋಡ್ತು. ಆಮೇಲೆ ಶೆಡ್ಡಿನ ಕಡೆ ಕತ್ತು ತಿರುಗಿಸಿ ಬಾಲ ಆಡಿಸ್ತು. ಬಾಲ ಕಂಬಕ್ಕೆ ಬಡೀತಿತ್ತು. ಪಟ್... ಪಟ್... ಪಟ್...

ಅದರ ಮುಂದೆ ಅಲ್ಯೂಮಿನಿಯಂ ತಟ್ಟೆ. ತಟ್ಟೇಲಿ ಒಂದು ರಾಗಿಮುದ್ದೆ, ಒಂದು ಕಡೆ ಮುರಿದಿತ್ತು. ಸುತ್ತ ತಿಳಿಸಾರು.

ಮುದ್ದೆಯಿಂದ ಹಬೆ ಏಳ್ತಿತ್ತು.

ಅವಳು ಕೂತು ಬೆರಳಿಟ್ಟು ನೋಡಿದ್ಲು. ಚುರ್ ಅಂತು. ಒಲೆಯಿಂದ ಇಳಿಸಿ ಹತ್ತು ನಿಮಿಷಾನೂ ಆಗಿರಲಿಲ್ಲ. ಯಾರು ಇಟ್ಟಿರಬಹುದು ಅಂತ ತಲೆ ಓಡಿಸಿದ್ಲು. ಪಟ್ಟಲಮ್ಮ ಇಡೋಳಲ್ಲ, ಸಿದ್ದೇಶ ಅಂತೂ ಅಲ್ಲವೇ ಅಲ್ಲ. ಬೀದೀಲಿ ಇನ್ಯಾರಿದ್ದಾರೆ...

ಶೆಡ್ಡಿನೊಳಗೆ ಮಂಚದ ಹಗ್ಗ ಕಿರ್ರ್... ಅಂತು.

ಆಮೇಲೆ ಕೆಮ್ಮು. ಗೊಕ್ ಗೊಕ್ ಅಂತ ಚಿಕ್ಕವು ಎರಡು, ಎದೆ ಆಳದಿಂದ ಎಳೆದು ಬರೋ ಉದ್ದದ್ದು ಒಂದು. ಎರಡು ವರ್ಷ ಗೇಟಿನ ಹತ್ರ ಕೇಳಿದ ಕೆಮ್ಮು. ಕಡ್ಡಿ ಗೀರಿದ ಸದ್ದು ಬಂತು, ಚರ್ ಅಂತ... ಬೆಳಕು ಹತ್ತಲಿಲ್ಲ. ಆದ್ರೆ ಬೀಡಿ ವಾಸನೆ ಬಂತು.

ಸತ್ತೋರ ಬಾಯಿಗೆ ಹತ್ತಿ ಇಟ್ಟು ಗಲ್ಲ ಕಟ್ಟಿದ ಕೈ ಅವಳದು. ಆ ಕೈಯಿಂದ ಮೊಬೈಲ್ ಜಾರಿ ಜಲ್ಲಿ ಮೇಲೆ ಬಿತ್ತು, ಬೆಳಕು ಅಡಿಗೆ ಬಿದ್ದು ಮುಚ್ಚಿಹೋಯ್ತು.

"ಲೇಟಾಯ್ತಲ್ಲವ್ವಾ..."

ದನಿ ಶೆಡ್ಡಿನಿಂದ ಬಂದದ್ದಲ್ಲ ಅಂತಾಳೆ. ಪಕ್ಕದಿಂದ, ಒಂದು ಮಾರು ದೂರದಿಂದ ಬಂದ ಹಂಗಿತ್ತಂತೆ. ಈ ಸಲ ಅವಳು ಉತ್ತರ ಕೊಟ್ಲು.

"ಊಂ... ಬಸ್ಸು ತಡ ಆಯ್ತು."

ಬಾಲ ಬಡಿಯೋ ಸದ್ದು ಮಾತ್ರ. ಪಟ್... ಪಟ್...

"ಉಂಡ್ಯಾ?" ಅಂತ ಅವಳೇ ಕೇಳಿದ್ಲು. ಯಾಕೆ ಕೇಳಿದ್ಲೋ ಅವಳಿಗೇ ಗೊತ್ತಿಲ್ಲ.

ಒಂದು ಉಸಿರು ಕೇಳಿಸ್ತು. ನಕ್ಕದ್ದೋ ನಿಟ್ಟುಸಿರೋ ಗೊತ್ತಾಗಲಿಲ್ಲ.

"ಇದ ಕರ್ಕಂಡೋಗವ್ವಾ... ನಾಳೆ ಪಾಸಾಣ ಇಕ್ಕೋರು ಬತ್ತಾರೆ."

ಅವಳು ಕತ್ತಲಲ್ಲೇ ತಡಕಿ ಕೆಂಚನ ಕತ್ತಿನ ಕೊಕ್ಕೆ ಹುಡುಕಿದ್ಲು. ತುಕ್ಕು ಹಿಡಿದಿತ್ತು. ಎಳೆದು ಎಳೆದು ಉಗುರು ಕಿತ್ತುಬಂತು. ಕೊನೆಗೆ ಟಕ್ ಅಂತ ಬಿಟ್ಕೊಳ್ತು. ಆದ್ರೂ ನಾಯಿ ಎದ್ದು ಬರಲಿಲ್ಲ. ತಟ್ಟೇಲಿದ್ದದ್ದನ್ನ ಮುಗಿಸೋಕೆ ಕೂತ್ಕೊಳ್ತು. ಲೊಚ ಲೊಚ ನೆಕ್ತಾ ಇದ್ರೆ ತಟ್ಟೆ ಕಂಬದ ಬುಡದ ಸಿಮೆಂಟ್ ಮೇಲೆ ಸರ್... ಸರ್... ಅಂತ ಜರುಗ್ತಿತ್ತು. ಅದು ಪೂರ್ತಿ ಉಂಡು ಮುಗಿಸೋವರೆಗೂ ಶಶಿರೇಖಾ ಆ ಕತ್ತಲಲ್ಲಿ, ಆ ಬೀಡಿ ವಾಸನೇಲಿ, ಅಲುಗದೆ ಕೂತಿದ್ಲು. ಅಷ್ಟು ಉದ್ದದ ಹತ್ತು ನಿಮಿಷ ಅವಳ ಜೀವಮಾನದಲ್ಲಿ ಇನ್ನೊಂದಿಲ್ಲವಂತೆ.

ಮೊಬೈಲ್ ಎತ್ಕೊಂಡು, ಕೆಂಚನ್ನ ಕರ್ಕೊಂಡು ಹೊರಗೆ ಬಂದು ಗೇಟನ್ನ ಹಿಂದಕ್ಕೆ ಎಳೆದ್ಲು, ಅಷ್ಟೇ. ಬೀದೀಲಿ ಒಬ್ಬರೂ ಇರಲಿಲ್ಲ. ಕರುಣೆ ಇದ್ದೋರೆಲ್ಲ ಬಾಗಿಲು ಹಾಕ್ಕೊಂಡು ಮಲಗಿದ್ರು.

ಬೆಳಿಗ್ಗೆ ನಾನು ದೊಡ್ಡಮ್ಮನ ಮನೆಗೆ ಹೋದಾಗ ಬಾಗಿಲಲ್ಲಿ ಜಗಳ. ಕೆಂಚ ಜಗಲಿ ಮೇಲೆ ಮಲಗಿತ್ತು. ಸಿದ್ದೇಶನೇ ಫೋನ್ ಮಾಡಿ ರಾಜೇಂದ್ರರನ್ನ ಕರೆಸಿದ್ದ. ರಾತ್ರಿ ವಿಷ ಇಕ್ತೀನಿ ಅಂದೋನು, ಬೆಳಿಗ್ಗೆ ಕೈ ಕಟ್ಕೊಂಡು, "ನಾಯಿ ಇಲ್ದೆ ನಿಮ್ಮ ಸರಳಿಗೆ ಯಾರು ದಿಕ್ಕು ಸಾರ್," ಅಂತಿದ್ದ.

"ಅಷ್ಟು ಅಕ್ಕರೆ ಇದ್ರೆ ನೀವೇ ಓಗಿ ಕಂಬಕ್ಕೆ ಕಟ್ಟಿಸ್ಕಳಿ ಮೇಷ್ಟ್ರೇ," ಅಂದ್ಲು ಶಶಿರೇಖಾ. "ಇಪ್ಪತ್ ದಿನ ಆದ್ಮೇಲೆ ನಾನೂ ಒಂದು ಸ್ಟೇಟಸ್ ಹಾಕ್ತೀನಿ."

ರಾಜೇಂದ್ರ ನಾಯಿ ವಿಷಯಕ್ಕೆ ಮಾತು ಬೆಳೆಸಲಿಲ್ಲ. ಕಾವಲಿಗೆ ಬಾರದ ನಾಯಿ ಅವರಿಗೂ ಬೇಡವಾಗಿತ್ತು. ಸರಳು ಸರಿಯಾಗಿದೆಯಾ ನೋಡ್ಬೇಕು ಅಂತ ಮಂಟಪದ ಕಡೆ ಹೋದ್ರು. ನಾವೆಲ್ಲ ಹಿಂದೇನೇ.

ಗೇಟು ತೆಗೀಲಿಲ್ಲ.

ತಳ್ಳಿದ್ರು. ಸಿದ್ದೇಶ ಭುಜ ಕೊಟ್ಟ. ಅಲುಗಲಿಲ್ಲ. ಸಂದಿಯಿಂದ ನೋಡಿದ್ರೆ ಒಳಗಡೆ ಚಿಲಕ ಬಿದ್ದಿತ್ತು. ಒಳಗೆ ಯಾರೋ ಇದ್ದಾರೆ ಅಂತ ಕೂಗಿದ್ರು, ಯಾರೂ ಓಗೊಡಲಿಲ್ಲ. ಇವಳೇ ಚಿಲಕ ಹಾಕಿ ಗೋಡೆ ಹಾರಿ ಬಂದಿರ್ತಾಳೆ ಅಂತ ಪಟ್ಟಲಮ್ಮ ಗೊಣಗಿದ್ಲು. ಎಂಟಡಿ ಗೋಡೆ, ಮೇಲೆ ಗಾಜಿನ ಚೂರು, ಕೈಯಲ್ಲಿ ನಾಯಿ. ಅಂಥಾ ಬುದ್ಧಿಗೆ ಏನು ಹೇಳೋದು.

ಕೊನೆಗೆ ಏಣಿ ಹಾಕಿದ್ರು. ಗೋಣಿಚೀಲ ಹಾಸಿ ಗಾಜು ದಾಟಿ ಒಳಕ್ಕೆ ಇಳಿದೋನು ನಾನೇ. ಬೇರೆ ಯಾರಿಗೂ ಧೈರ್ಯ ಬರಲಿಲ್ಲ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಶೆಡ್ಡಲ್ಲಿ ಮಂಚ ಬರಿದಾಗಿತ್ತು, ಒಲೆ ತಣ್ಣಗಿತ್ತು. ನಾನು ನೇರ ಗೇಟಿಗೆ ಬಂದೆ. ಚಿಲಕ ಹಾಕಿದ್ದಷ್ಟೇ ಅಲ್ಲ, ಅದರ ಮೇಲೆ ಗೋಣಿದಾರ ಮೂರು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು. ಹಲ್ಲು ಹಾಕಿ ಬಿಚ್ಚಬೇಕಾಯ್ತು.

ನೀವು ನಂಬಿ, ಬುಡಿ. ಶಶಿರೇಖಾ ಕಂಡದ್ದಕ್ಕೆ ನಾನು ಸಾಕ್ಷಿ ಅಲ್ಲ. ಆದ್ರೆ ಆ ಗಂಟು ಬಿಚ್ಚಿದ್ದು ನಾನೇ. ಮಳೆ ಬಂದು ತಿಂಗಳಾಗಿತ್ತು. ನಾನು ಹಲ್ಲು ಹಾಕೋ ಮುಂಚೇನೇ ದಾರ ಒದ್ದೆಯಾಗಿತ್ತು, ಯಾರೋ ಆಗತಾನೇ ಎಂಜಲು ಹಚ್ಚಿ ಬಿಗಿದ ಹಂಗೆ.