ಹಗಲ ಬೆಳಕಲ್ಲಿ ನೋಡಿದ ಬಣ್ಣ

ಅಲ್ಲಿ ಬೇಡ ಅತ್ತೆ, ಈ ಬೆಂಚಿನ ಮೇಲೆ ಕೂತ್ಕೊಳ್ಳಿ. ಒಳಗೆ ಒಬ್ಬರನ್ನೇ ಬಿಡೋದು. ನಿಮ್ಮ ಮಗಳು ಮಗು ಜೊತೆ ಇದ್ದಾಳೆ, ರಕ್ತ ತೆಗೀತಿದಾರೆ. ನಮ್ಮನೆಯಿಂದ ಅವಳ ಬಟ್ಟೆ ತಂದ ಚೀಲ ಇತ್ಲಾಗೆ ಕೊಡಿ... ಬೇಡ್ವಾ? ಸರಿ, ತೊಡೆ ಮೇಲೇ ಇರಲಿ.

ಫೋನಲ್ಲಿ ಹೇಳಿದ್ನಲ್ಲ. ಪಿತ್ತ ಕರುಳಿಗೆ ಇಳೀತಿಲ್ಲವಂತೆ, ಅದರ ದಾರೀನೇ ಮುಚ್ಚಿಕೊಂಡಿರಬಹುದಂತೆ. ಆಪರೇಷನ್ ಆಗ್ಬೇಕು, ತಡವಾದಷ್ಟೂ ಲಿವರ್ ಕೆಡುತ್ತೆ ಅಂದ್ರು ಡಾಕ್ಟರು. ಐವತ್ತೆರಡು ದಿನದ ಕೂಸಿಗೆ! ಅವರದು ಒಂದೇ ಪ್ರಶ್ನೆ. ಕಕ್ಕ ಯಾವತ್ತಿಂದ ಬೆಳ್ಳಗೆ ಬರ್ತಿದೆ? ಯಾವತ್ತಿಂದ? ನಾಲ್ಕು ದಿನದಿಂದ ಅಂದೆ.

ಯಾಕೆ ಹಾಗೆ ನೋಡ್ತೀರಿ?

ನೀವು ಮೊದಲಿಂದಲೂ ಹೀಗೇ. ಅಳಿಯ ಲಂಗೋಟಿ ಮೂಸಿ ಮೂಸಿ ಪುಸ್ತಕ ಬರೀತಾನೆ ಅಂತ ಪಕ್ಕದ ಮನೆಯವರ ಹತ್ರ ಆಡಿಕೊಂಡು ನಕ್ಕಿದ್ರಿ. ಬರೀದೆ ಏನು ಮಾಡ್ಲಿ? ಹಾಲು ಕೊಡೋದು ಅವಳು, ಎಣ್ಣೆ ಹಚ್ಚಿ ನೀರು ಹಾಕೋದು ನೀವು. ಅಪ್ಪ ಅನ್ನಿಸಿಕೊಂಡವನಿಗೆ ಉಳಿದಿದ್ದು ಕಕ್ಕ ಒಂದೇ.

ಹದಿನಾರು ವರ್ಷ ಪೇಂಟ್ ಅಂಗಡೀಲಿ ಬಣ್ಣ ಕಲಸಿದೋನು ನಾನು. ಗಿರಾಕಿ ಗೋಡೆಯ ಒಂದು ಚಕ್ಕೆ ತಂದುಕೊಟ್ರೆ ಸಾಕು, ಶೇಡ್ ಕಾರ್ಡ್ ಬಿಡಿಸಿ, ಇದೇ ಅಂತ ಬೆರಳಿಡ್ತೀನಿ. ಮೊದಲೆರಡು ದಿನ ಡಾಂಬರು. ಆಮೇಲೆ ಪಾಚಿ. ಆಮೇಲೆ ಸಾಸಿವೆ ಹಳದಿ, ಏನು ಚೆಂದದ ಹಳದಿ! ಎಲ್ಲಾ ಬರ್ದಿದೀನಿ. ಎಷ್ಟು ಹೊತ್ತಿಗೆ ಆಯ್ತು, ಗಟ್ಟಿಯೋ ನೀರೋ, ಎಷ್ಟು ಸಲ... ಪಕ್ಕದಲ್ಲಿ ಶೇಡ್ ನಂಬರು ಬೇರೆ. ನಿಮ್ಮ ಮಗಳು ಅದನ್ನ ನೋಡಿ ಬಿದ್ದು ಬಿದ್ದು ನಕ್ಕಿದ್ಲು. ಅವಳ ನಗು ಕೇಳಿ ಎಷ್ಟು ದಿನ ಆಯ್ತು.

ಹೌದು, ನೀವು ಹೇಳಿದ್ರಿ. ನಾನೇನು ಇಲ್ಲ ಅಂದ್ನಾ? ಇಪ್ಪತ್ತನೇ ದಿನ. ಬಚ್ಚಲಲ್ಲಿ ಲಂಗೋಟಿ ಒಗೀತಿದ್ದೋರು ನನ್ನ ಕರೆದು, ಇದರ ಬಣ್ಣ ಸರಿಯಿಲ್ಲ, ಕಣ್ಣೂ ಹಳದಿ ಇದೆ, ಡಾಕ್ಟರಿಗೆ ತೋರಿಸೋಣ ಅಂದ್ರಿ. ಬಚ್ಚಲ ಟ್ಯೂಬ್‌ಲೈಟಲ್ಲಿ ಎಲ್ಲಾ ಬೆಳ್ಳಗೇ ಕಾಣುತ್ತೆ ಅಂದೆ. ಬಣ್ಣ ನೋಡೋದು ನನ್ನ ಕಸುಬು, ನಿಮ್ಮದಲ್ಲ ಅಂದೆ. ಸುಳ್ಳಾ? ಬಣ್ಣನ ಹಗಲ ಬೆಳಕಲ್ಲೇ ನೋಡ್ಬೇಕು, ಅಂಗಡಿಗೆ ಬಂದವರಿಗೆಲ್ಲಾ ಅದನ್ನೇ ಹೇಳ್ತೀನಿ. ಅಷ್ಟಕ್ಕೇ ಮುಖ ಊದಿಸಿಕೊಂಡು ಮಗನ ಮನೆಗೆ ಹೊರಟ್ರಿ. ಹೋಗಿ ಅಂತ ನಾನು ಹೇಳ್ಲಿಲ್ಲ...

ಹೇಳಿದ್ದೆ. ಸರಿ, ಹೇಳಿದ್ದೆ.

ಆದ್ರೆ ಆಮೇಲೆ ಸರಿಹೋಯ್ತಲ್ಲ. ಬೇಕಾದ್ರೆ ಪುಸ್ತಕ ನೋಡಿ, ದಿನಾ ಹಳದಿ ಅಂತಾನೇ ಇದೆ. ಈಗ ನಾಲ್ಕು ದಿನದಿಂದ ಮಾತ್ರ...

ಚೀಲದಲ್ಲಿ ಏನು ಹುಡುಕ್ತೀರಿ? ಮಗು ಟೋಪಿನಾ?

ಇದು... ಇದೆಲ್ಲಿ ಸಿಕ್ತು ನಿಮಗೆ? ಕಪಾಟಲ್ಲಿ, ಅವಳ ಬಟ್ಟೆ ತೆಗೆಯುವಾಗಲಾ? ಅಂಗಡಿಯ ಹಳೇ ಶೇಡ್ ಕಾರ್ಡ್ ಅತ್ತೆ, ಸುಮ್ನೆ ಇಟ್ಟಿದ್ದೆ. ಅದರಲ್ಲಿ ನೋಡೋಕೇನಿದೆ? ಬಿಡಿಸ್ಬೇಡಿ. ಅತ್ತೆ, ಬಿಡಿಸ್ಬೇಡಿ ಅಂದೆ.

ಹೂಂ. ಬಣ್ಣದ ಪಕ್ಕ ಬರೆದಿರೋ ತಾರೀಕೆಲ್ಲಾ ನನ್ನ ಅಕ್ಷರಾನೇ.

ನೀವು ಹೋದ ಮಾರನೇ ದಿನ ಬೆಳಿಗ್ಗೆ ಲಂಗೋಟಿ ತಗೊಂಡು ಕಿಟಕಿ ಹತ್ರ ನಿಂತೆ. ಬಿಸಿಲು ಚೆನ್ನಾಗಿತ್ತು. ಈ ಕಾರ್ಡು ಪಕ್ಕದಲ್ಲಿ ಹಿಡಿದು ನೋಡ್ದೆ. ಇಲ್ಲಿ, ಮೊದಲ ಗುರುತು, ದಂತದ ಬಿಳಿ. ವಾರ ಬಿಟ್ಟು ಇನ್ನೊಂದು, ಅದಕ್ಕಿಂತ ತಿಳಿ. ಆಮೇಲೆ ಇದು, ಸುಣ್ಣ. ಬಿಳೀ ಬೇಸ್ ಡಬ್ಬಕ್ಕೆ ಬಣ್ಣದ ಹನಿ ಬೀಳದೇ ಇದ್ರೆ ಹೇಗಿರುತ್ತೆ, ಹಾಗೆ. ನನಗೆ ಗೊತ್ತಾಯ್ತು. ಆವತ್ತೇ ಗೊತ್ತಾಯ್ತು.

ಫೋನ್ ಕೈಗೆ ತಗೊಂಡಿದ್ದೆ ಅತ್ತೆ. ಆದ್ರೆ ಡಾಕ್ಟರ ಹತ್ರ ಹೋದ್ರೆ ನೀವು ಹೇಳಿದ್ದೇ ನಿಜ ಅಂತಾಗುತ್ತೆ. ನೀವು ವಾಪಸ್ ಬರ್ತೀರಿ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡ್ತೀರಿ. ನಾಳೆ ನೋಡೋಣ ಅಂದ್ಕೊಂಡೆ. ನಾಳೆ ಹಳದಿ ಬಂದ್ರೆ ಮುಗೀತಲ್ಲ ಅಂತ. ದಿನಾ ನಾಳೆ. ಪುಸ್ತಕದಲ್ಲಿ ಹಳದಿ ಅಂತ ಬರೆಯೋದು, ನಾಳೆ ಅನ್ನೋದು.

ಅವಳು ಕೇಳಿದ್ಲು, ರೀ, ಇದು ಯಾಕೋ ತಿಳಿ ಇದೆ ಅಲ್ವಾ ಅಂತ. ಎರಡು ಸಲ ಕೇಳಿದ್ಲು. ಹಾಲು ಕುಡಿಯೋ ಕೂಸು, ಇದೂ ಹಳದೀನೇ, ತಿಳಿ ಹಳದಿ ಅಂದೆ. ನಂಬಿದ್ಲು. ಬಣ್ಣದ ವಿಷಯ ಅಲ್ವಾ, ನನ್ನ ಮಾತು ನಂಬಿಬಿಟ್ಲು. ನಾಲ್ಕು ದಿನದ ಹಿಂದೆ ಪೂರ್ತಿ ಸುಣ್ಣದ ಥರ ಬಂದಾಗ ಕಿರುಚಿಕೊಂಡ್ಲು.

ಬೈಯಿರಿ. ಆವತ್ತು ಬೈದ ಹಾಗೆ ಬೈಯಿರಿ.

ಅವಳಿಗೆ ಹೇಳ್ತೀರಾ? ಬೇಡ... ಇಲ್ಲ, ಹೇಳಿ. ಈ ಕಾರ್ಡು ಡಾಕ್ಟರಿಗೆ ನೀವೇ ಕೊಟ್ಬಿಡಿ, ನನ್ನ ಕೈಲಿ ಆಗಲ್ಲ. ನನ್ನ ಕೈಗೆ ಯಾಕೆ ಇಡ್ತೀರಿ? ಕಾಲು ಯಾಕೆ ಮಡಚಿಕೊಂಡ್ರಿ? ಹೋಗೋಕೆ ದಾರಿನಾ?

ಒಂದು ಮಾತಾಡಿ ಅತ್ತೆ. ಒಂದೇ.

ಆಯ್ತು. ಹೋಗ್ತೀನಿ. ನಾಲ್ಕು ದಿನ ಅಲ್ಲ ಡಾಕ್ಟ್ರೇ, ಇಪ್ಪತ್ತೊಂದನೇ ದಿನದಿಂದ ಅಂತ ಹೇಳ್ತೀನಿ. ಸಾಕಾ?

ಇಪ್ಪತ್ತು. ಸರಿ. ಇಪ್ಪತ್ತನೇ ದಿನದಿಂದ... ಮೊದಲು ನೋಡಿದ್ದು ನಮ್ಮತ್ತೆ ಅಂತ ಹೇಳ್ತೀನಿ.