ಮೂವತ್ನಾಲ್ಕು ಇಂಚಿನ ಎದೆಯುರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನಮ್ಮ ದರ್ಜಿಗಳ ಸಂಘದ ಹಿರಿಯರೇ, ಕಿರಿಯರೇ, ಹಾಗೂ ಹಿಂದಿನಿಂದ ಊಟದ ಘಮ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

'ಅಳತೆ ತಪ್ಪದ ಕೈ' ಎಂಬ ಪ್ರಶಸ್ತಿಯನ್ನು ನನಗೆ ಕೊಟ್ಟಿದ್ದೀರಿ. ಸಂತೋಷ. ಆದರೆ ಈ ಫಲಕವನ್ನು ಮುಟ್ಟುವ ಮೊದಲು ನನ್ನ ಎದೆಯುರಿಯ ವಿಷಯ ಹೇಳಬೇಕು. ಹೇಳದೆ ಹೋದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ.

ಕಳೆದ ವರ್ಷ ಇದೇ ಮೈಕಿನ ಮುಂದೆ ನಾನು ಏನೆಂದೆ? "ನನ್ನ ಅಂಗಡಿಯಲ್ಲಿ ಎರಡೇ ಕೈ, ಎರಡೂ ನನ್ನವೇ" ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ಉಬ್ಬಿಹೋದೆ. ಅಷ್ಟಕ್ಕೇ ಬಾಯಿ ಮುಚ್ಚಿದೆನೇ? "ಮದುವೆಯಾದಾಗ ನನ್ನ ಸೊಂಟ ಮೂವತ್ನಾಲ್ಕು, ಇವತ್ತಿಗೂ ಮೂವತ್ನಾಲ್ಕೇ, ಅಳತೆ ಪುಸ್ತಕ ನೋಡಿ" ಎಂದೂ ಸೇರಿಸಿದೆ. ಪುಸ್ತಕದಲ್ಲಿ ಹಾಗೇ ಇತ್ತು ಸ್ವಾಮಿ! ಬರೆದವನು ನಾನೇ.

ಅದಾದ ವಾರಕ್ಕೇ ಶುರುವಾಯಿತು ನೋಡಿ. ಉಂಡು ಹೊಲಿಗೆ ಯಂತ್ರದ ಮೇಲೆ ಬಗ್ಗಿದರೆ ಸಾಕು, ಹುಳಿ ನೀರು ಗಂಟಲಿಗೆ. ಎದೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಮರೆತುಹೋದ ಹಾಗೆ. ವೈದ್ಯರು ಕಾರಣಗಳ ಪಟ್ಟಿ ಕೊಟ್ಟರು: ಸಿಗರೇಟು, ಮೇಲಿಂದ ಮೇಲೆ ಕಾಫಿ, ಕರಿದ ತಿಂಡಿ, ಹೊಟ್ಟೆ ಬಿರಿಯುವ ಊಟ, ಉಂಡ ಕೂಡಲೇ ಮಲಗುವುದು, ಮೈ ತೂಕ, ಬಿಗಿಯಾದ ಉಡುಪು. ಸಿಗರೇಟು ಬಿಟ್ಟೆ. ಕಾಫಿ ಬಿಟ್ಟೆ, ಗಿರಾಕಿಗಳ ಮೇಲೆ ರೇಗಿದೆ. ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಡ್ಡಾಗುವ ಸುಖವನ್ನೂ ಬಿಟ್ಟೆ. ಕೊನೆಯದನ್ನು ಮಾತ್ರ ಸೀಮೆಸುಣ್ಣದಿಂದ ಹೊಡೆದುಹಾಕಿದೆ. ದರ್ಜಿಯ ಉಡುಪೇ ಬಿಗಿಯೆಂದರೆ ನಮ್ಮ ಕಸುಬಿಗೆ ಅವಮಾನವಲ್ಲವೇ? ಪ್ಯಾಂಟು ಸ್ವಲ್ಪ ಹಿಡಿಯುತ್ತಿದ್ದದ್ದು ನಿಜ. ಒಗೆದು ಒಗೆದು ಕುಗ್ಗಿದೆ ಎಂದು ಸೋಪು ಬದಲಾಯಿಸಿದೆ.

ಕಳೆದ ತಿಂಗಳು ವೈದ್ಯರು ಮಂಚದ ಮೇಲೆ ಮಲಗಲು ಹೇಳಿದರು. ಮಲಗಿದೆ. ಹುಕ್ಕು ಟಪ್ಪೆಂದು ಹಾರಿ ಅವರ ಕನ್ನಡಕಕ್ಕೆ ಬಡಿಯಿತು.

"ಯಾರ್ರೀ ಹೊಲಿದಿದ್ದು ಇದನ್ನ?"

"ನಾನೇ, ಡಾಕ್ಟ್ರೇ."

"ಯಾರಾದ್ರೂ ಒಳ್ಳೆ ದರ್ಜಿ ಹತ್ರ ಹೋಗಬಾರ್ದಾ?"

ಜೇಬಿನಿಂದ ನನ್ನದೇ ಟೇಪು ತೆಗೆದು ಅಳೆದೆ. ಮೂವತ್ತಾರೂವರೆ. ಟೇಪು ತಿರುಗಿಸಿ ಹಿಡಿದೆ. ಆಗಲೂ ಮೂವತ್ತಾರೂವರೆ.

ಮನೆಗೆ ಬಂದು ಪ್ಯಾಂಟಿನ ಒಳಮಗ್ಗುಲು ತಿರುಗಿಸಿದೆ. ಹಿಂಬದಿಯ ಹೊಲಿಗೆಯ ಪಕ್ಕದಲ್ಲಿ ಹಳೆಯ ಸೂಜಿ ತೂತುಗಳು, ಒಂದಲ್ಲ, ನಾಲ್ಕು ಸಾಲು. ಒಂದೊಂದು ಸಾಲಿಗೂ ಪ್ಯಾಂಟು ಅರ್ಧರ್ಧ ಇಂಚು ಸಡಿಲವಾಗಿತ್ತು. ಪುಟ್ಟ ಪುಟ್ಟ, ಎಡಕ್ಕೆ ವಾಲಿದ ಕೈಹೊಲಿಗೆ. ಆ ಕೈ ನನಗೆ ಗೊತ್ತಿಲ್ಲವೇ? ಇಪ್ಪತ್ತಾರು ವರ್ಷದಿಂದ ನನ್ನ ಅಂಗಡಿಯ ಗುಂಡಿ, ಕಾಜ, ಅಂಚು ಎಲ್ಲವನ್ನೂ ಹೊಲಿದ ಕೈ. ನನ್ನ ಹೊಟ್ಟೆ ಮುಂದೆ ಹೋದ ಹಾಗೆಲ್ಲ ನನ್ನ ಹೆಂಡತಿ ನನಗೇ ಗೊತ್ತಾಗದಂತೆ ಸಡಿಲಿಸುತ್ತಾ ಬಂದಿದ್ದಳು! ಈಗ ಎಲ್ಲವನ್ನೂ ಬಿಚ್ಚಿ, ಹೊಸ ದಾರದಲ್ಲಿ, ಮತ್ತೆ ಮೂವತ್ನಾಲ್ಕಕ್ಕೇ ಹೊಲಿದಿದ್ದಳು.

"ಯಾಕೆ ಹೀಗ್ ಮಾಡ್ದೆ?" ಎಂದೆ.

"ಮೂವತ್ನಾಲ್ಕು ಅಂತ ಸಭೇಲಿ ಹೇಳಿದ್ರಲ್ಲ, ನಿಮ್ಮ ಮಾತು ಉಳಿಸ್ದೆ. ನಂಗಂತೂ ಕೈಯೇ ಇಲ್ವಲ್ಲ."

ತಪ್ಪಾಯಿತು ಎಂದೆ.

"ಅಡುಗೆಮನೇಲಿ ಹೇಳಿದ್ರೆ ಆಗಲ್ಲ. ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ."

ನಾನೇ ಬಿಚ್ಚಿ ಹೊಲಿದುಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. ಹಾಗಾಗಿ ಸಭಿಕರೇ, ಇವತ್ತೂ ಅದೇ ಪ್ಯಾಂಟು, ಹುಕ್ಕಿನ ಜಾಗದಲ್ಲಿ ಪಿನ್ನು. ನಗಬೇಡಿ, ನೀವು ನಕ್ಕರೆ ನನಗೂ ನಗು ಬರುತ್ತದೆ, ಪಿನ್ನು ತಡೆಯುವುದಿಲ್ಲ. ನನ್ನ ಅಂಗಡಿಯಲ್ಲಿ ಇರುವುದು ನಾಲ್ಕು ಕೈ. ಅಳತೆ ತಪ್ಪದ ಕೈ ಯಾರದು ಎಂದರೆ, ಮೂರನೇ ಸಾಲಿನಲ್ಲಿ ಮುಖ ತಿರುಗಿಸಿಕೊಂಡು ಕುಳಿತಿದ್ದಾಳಲ್ಲ, ಅವಳದು. ಫಲಕ ಅವಳಿಗೇ ಸೇರಬೇಕು. ಅವಳಿಲ್ಲದೆ ನನಗೆ ಒಂದು ದಿನ ನಡೆಯುವುದಿಲ್ಲ. ಮತ್ತು ನನ್ನ ಸೊಂಟ ಮೂವತ್ತಾರೂವರೆ. ಕಾರ್ಯದರ್ಶಿಗಳು ದಯವಿಟ್ಟು ಬರೆದುಕೊಳ್ಳಬೇಕು.

ಅಗೋ, ಕೈಚೀಲಕ್ಕೆ ಕೈ ಹಾಕಿದಳು. ಸೂಜಿ ದಾರ ತೆಗೆದಳು! ಬದುಕಿದೆ!

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನನ್ನ ಧನ್ಯವಾದ. ತಲೆಬಾಗಿ ವಂದಿಸಬೇಕಾಗಿತ್ತು. ಆದರೆ ಅವಳು ವೇದಿಕೆ ಹತ್ತಿ ಬರುವವರೆಗೆ ನಾನು ಬಗ್ಗುವಂತಿಲ್ಲ. ನೆಟ್ಟಗೆ ನಿಂತೇ ಎಲ್ಲರಿಗೂ ನಮಸ್ಕಾರ.